ದೋಸೆಯ ದರ, ಸಾಂಬಾರಿನ ಡಬ್ಬಿ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವನು ಎರವಲು ತಂದಿದ್ದ ಸ್ಟೀಲ್ ಡಬ್ಬಿ ಹಿಡಿದು ರಕ್ಷಾ ವಿಜಯನಗರದ ದರ್ಶಿನಿಯ ಸಾಲಿನಲ್ಲಿ ನಿಂತಳು. ಮುಂದೆ ಇಬ್ಬರು ಯುವಕರು ಕ್ಯಾಷಿಯರನ್ನು ಕಾಡುತ್ತಿದ್ದರು.

“ಏನಣ್ಣ, ಮಸಾಲೆ ದೋಸೆ ತೊಂಬತ್ತಾ? ಒಳಗಡೆ ಪಲ್ಯನಾ, ಬಂಗಾರನಾ?”

“ಗ್ಯಾಸ್ ಏನು ನಮ್ಮ ಮಾವನ ಮನೆಯಿಂದ ಬರುತ್ತಾ?”

“ಪಾರ್ಸಲ್ ಡಬ್ಬಕ್ಕೂ ದುಡ್ಡು ಬೇರೆ!”

“ಮತ್ತೆ? ಹೆಂಡತಿಗೆ ಜ್ವರ ಅಂತ ಒಬ್ರು ನಮ್ಮ ಸ್ಟೀಲ್ ಡಬ್ಬೀಲೇ ಸಾಂಬಾರ್ ತಗೊಂಡೋದ್ರು. ನಾಳೆ ತರ್ತೀನಿ ಅಂದೋರು ನಾಪತ್ತೆ. ಅದನ್ನೂ ದೋಸೆ ಮೇಲೇ ಹಾಕ್ಬೇಕಲ್ಲ?”

“ಡಬ್ಬಿ ಮಾರಿ ಸೈಟ್ ತಗೊಂಡಿರ್ತಾರೆ ಬಿಡು, ಗುರು!”

ನಗುತ್ತಾ ಇಬ್ಬರೂ ಟೋಕನ್ ಹಿಡಿದು ಹೋದರು.

ರಕ್ಷಾ ಡಬ್ಬಿಯನ್ನು ಗಲ್ಲಾದ ಮೇಲಿಟ್ಟಳು.

“ಓ, ಇದೇ ಮೇಡಂ! ಸಾರ್ ಮರೆತುಬಿಟ್ರಾ?”

“ಇಲ್ಲ,” ಎಂದಳು. “ಬೆಳಿಗ್ಗೇನೇ ಕೊಡ್ಬೇಕು ಅಂತ ತೊಳೆದು ಬಾಗಿಲ ಹತ್ರ ಇಟ್ಟಿದ್ರು.”