ಹುಲ್ಲಿನ ಸೂರು

‘ಇನ್ನು ಲುಸುಂಗು ಅರ್ಜಿ ಹಾಕ್ಬಹುದು.’

ಅಷ್ಟೇ ಸಾರ್. ಅದೇ ನನ್ನ ಹೆಂಡ್ತಿ ಕೊನೇ ಮಾತು. ನನ್ನನ್ನ ಕರೀಲಿಲ್ಲ. ದೇವರನ್ನೂ ಕರೀಲಿಲ್ಲ. ಆಸ್ಪತ್ರೆ ಮಂಚದ ಮೇಲೆ ಕಣ್ಣು ಬಿಟ್ಟು ಮಗಳ ವಿಷಯ ಅದೊಂದು ಹೇಳಿದ್ಲು. ಆಮೇಲೆ ಗೋಡೆ ಕಡೆ ತಿರುಗಿದ್ಲು... ಯಾಕೆ ನಗ್ತೀರಿ? ನಗಿ, ನಗಿ. ನನಗೂ ಒಂದೊಂದ್ಸಲ ನಗು ಬರುತ್ತೆ. ಸಾಯೋ ಹೊತ್ತಲ್ಲೂ ಆಫೀಸು!

ಆ ಸ್ಟೂಲು ಬೇಡ ಸಾರ್, ಕಾಲು ಅಲ್ಲಾಡುತ್ತೆ. ಚಾಪೆ ಆಗುತ್ತಾ? ಆಗುತ್ತೆ ಅಲ್ವಾ. ತಗೊಳ್ಳಿ, ತೋಬ್ವಾ. ಜೋಳದ ಅಂಬಲಿ, ಸಿಹಿ ಇದೆ. ಲುಸುಂಗು ನಿನ್ನೆ ಕಾಯಿಸಿಟ್ಟಿದ್ದು... ಗೊತ್ತು, ಗೊತ್ತು. ಸಹಾಯಧನದ ತಪಾಸಣೆಗೆ ಹೋದ ಮನೇಲಿ ನೀರೂ ಮುಟ್ಟಬಾರದು. ಲುಸುಂಗು ಅಮ್ಮನೇ ಹೇಳಿಕೊಟ್ಟಿದ್ದು ಅಲ್ವಾ ನಿಮಗೆ? ಕಾಲೇಜಲ್ಲಿ ಅವಳ ಕುರ್ಚಿಗೆ ಬಂದಿದ್ದೀರಿ, ಅವಳ ಹಠವೂ ಬಂದಿದೆ. ಇರಲಿ. ಇಲ್ಲೇ ಇಟ್ಟಿರ್ತೀನಿ.

ಎಷ್ಟು ಮನೇಲಿ ಬೈಸಿಕೊಂಡಿದ್ದಾಳೆ ಗೊತ್ತಾ ಅದಕ್ಕೆ? ಮುದುಕಿಯರು ಮಂಡಿಯೂರಿ ಸೀಮಾ ತಂದಿಡ್ತಿದ್ರು. ಬಿಸಿ ಬಿಸಿ ಮುದ್ದೆ, ಪಕ್ಕದಲ್ಲಿ ಬೀನ್ಸು. ಇವಳು ಕೈಮುಗಿದು ಬೇಡ ಅನ್ನೋಳು. ‘ಎಂಥ ಸೊಕ್ಕಿನ ಹೆಂಗಸಮ್ಮಾ ನೀನು, ನಮ್ಮ ಮನೇಲಿ ಹೆಣ ಬಿದ್ದಿದ್ಯಾ?’ ಅಂತ ಕೇಳಿದಾಳೆ ಒಬ್ಬಳು. ನಾನು ಹೊರಗೆ ಸೈಕಲ್ ಹಿಡ್ಕೊಂಡು ನಿಂತಿರ್ತಿದ್ದೆ. ಆ ತಟ್ಟೆ ನನ್ನ ಹತ್ರ ಬರೋದು. ನಾನು ತಿಂತಿದ್ದೆ. ನಾನು ಆಫೀಸಿನವನಲ್ಲವಲ್ಲ! ಅದಕ್ಕೂ ಬೈದಳು ಆಮೇಲೆ. ಬಿಟ್ಟೆ.

ನಾನು ಓದಿದವನಲ್ಲ ಸಾರ್. ಸೈಕಲ್ ಹಿಂದೆ ಜನ ಕೂರಿಸ್ಕೊಂಡು ಹೋಗೋನು. ಅವಳನ್ನ ಮೊದಲು ನೋಡಿದ್ದೂ ಹಾಗೇ, ಬಸ್‌ಸ್ಟಾಂಡಲ್ಲಿ ಹತ್ತಿದ್ಲು. ಊರೆಲ್ಲ ನ್ಯಾಗೊಂದ್ವೆ ಅಂತಿದ್ರು, ಗೊಂದ್ವೆ ಮನೆತನದ ಹೆಣ್ಣು ಅಂತ. ನಾನೂ ಹಾಗೇ ಕರೆದೆ, ಕೊನೇವರೆಗೂ. ಕಾಲೇಜಿನವರು ಅವಳ ತಪಾಸಣೆಗೆ ಗಾಡಿ ಕೊಡ್ಲಿಲ್ಲ. ನಾನೇ ಗಾಡಿ.

ಏನು ಮೇಲೆ ನೋಡ್ತಿದ್ದೀರಿ?

ಹುಲ್ಲು. ಹೂಂ, ಹುಲ್ಲಿನ ಸೂರು. ಬರ್ಕೊಳ್ಳಿ. ಬಡವರ ಮನೆ ಸಾರ್.

ಲುಸುಂಗು ಇಲ್ಲ ಈಗ, ಸಂತೇಲಿದ್ದಾಳೆ. ಮಂದಾಸಿ ಕರೀತಾ ಕೂತಿರ್ತಾಳೆ. ಮೈದಾ ಉಂಡೆ, ಎಣ್ಣೆ, ಹೊಗೆ... ನರ್ಸಿಂಗ್ ಸೀಟು ಸಿಕ್ಕ ಹುಡುಗಿ! ಪ್ರತಿ ವರ್ಷ ಸೀಟು ಸಿಗುತ್ತೆ, ಪ್ರತಿ ವರ್ಷ ಬಿಡ್ತಾಳೆ. ಅಮ್ಮ ಸಹಾಯಧನದ ಕುರ್ಚೀಲಿ ಕೂತಿರೋವಾಗ ಮಗಳು ಸಹಾಯಧನ ಕೇಳಂಗಿಲ್ಲ. ಕಾಲೇಜಿನ ನಿಯಮ ಅಲ್ಲ ಅದು, ಇವಳದ್ದು. ನಾನು ಜಗಳ ಆಡಿದೆ. ‘ಅರ್ಜಿ ಹಾಕಲಿ ಬಿಡು, ಬೇರೆಯವರು ನೋಡ್ತಾರೆ’ ಅಂದೆ. ‘ಬೇರೆಯವರು ನನ್ನ ಮುಖ ನೋಡಿ ಕೊಡ್ತಾರೆ ಕುಮ್ವೆಂಡಾ. ಆಗ ಯಾವುದೋ ಹಳ್ಳಿ ಹುಡುಗಿಗೆ ಇಲ್ಲ ಅಂದಂಗಾಯ್ತು. ಅವಳ ಅಪ್ಪನಿಗೆ ಹೋಗಿ ನೀನು ಹೇಳ್ತೀಯಾ?’

ನಾನು ಸೈಕಲ್ ಒರೆಸೋಕೆ ಹೊರಗೆ ಹೋದೆ.

ಅವಳ ಸಂಬಳ? ಅಯ್ಯೋ, ಅವಳ ತಮ್ಮಂದಿರು, ನಮ್ಮಪ್ಪನ ಕಾಯಿಲೆ, ಇದು... ಈ ಮನೆ. ಎಲ್ಲಿ ಉಳೀತು? ಈಗ ಅದೂ ಇಲ್ಲ. ಕುರ್ಚೀನೂ ಇಲ್ಲ. ಅದಕ್ಕೇ ಹೇಳಿದ್ಲು, ಇನ್ನು ಹಾಕ್ಬಹುದು ಅಂತ. ತಾನು ಸತ್ರೆ ದಾರಿ ಬಿಡುತ್ತೆ ಅಂತ.

ಮತ್ತೆ ಮೇಲೆ ನೋಡ್ತೀರಿ.

ಹೊಸ ಹುಲ್ಲು, ಹೌದು. ಹೊಗೆ ಹಿಡಿದಿಲ್ಲ ಇನ್ನೂ. ಹಳೇದು... ಗಾಳಿ ಬಂತು ಸಾರ್. ದೊಡ್ಡ ಗಾಳಿ. ಹಾರಿ ಹೋಯ್ತು. ಪಕ್ಕದ ಮನೆಗಳಾ? ಪಕ್ಕದ ಮನೆಗಳಿಗೇನಾಗಿಲ್ಲ. ಗಾಳಿ ಅಂದ್ರೆ ಹಾಗೇ, ಒಂದು ಮನೆ ಹಿಡೀತದೆ ಒಂದು ಮನೆ ಬಿಡ್ತದೆ. ಇಳಿಜಾರು ಸಾಲದು ಅಂತೀರಾ? ಸಾಲದು. ಹುಲ್ಲಿಗೆ ಇನ್ನೂ ಕಡಿದಾಗಿರಬೇಕು. ಮಳೆಗಾಲದಲ್ಲಿ ಸೋರುತ್ತೆ. ಸೋರ್ಲಿ. ಬಡವರ ಮನೆ ಅಂದ್ನಲ್ಲ.

ನಿಮಗೆ ಒಂದು ಮನೆ ಕಥೆ ಹೇಳ್ತೀನಿ. ಬೆಟ್ಟದ ಆ ಕಡೆ. ಅಜ್ಜಿ, ಮೊಮ್ಮಗಳು. ಹುಡುಗಿ ಚುರುಕು, ನಿಮ್ಮ ಕಾಲೇಜಿಗೇ ಬರಬೇಕಿದ್ದೋಳು. ಅಜ್ಜಿ ಮಗ ಜೋಬರ್ಗ್ ಗಣೀಲಿದ್ದ, ಸಾಯೋಕೆ ಮುಂಚೆ ತಾಯಿಗೆ ತಗಡಿನ ಸೂರು ಹಾಕ್ಸಿ ಹೋದ. ಸೂರು ಥಳಥಳ. ಕೆಳಗೆ ನೋಡಿದ್ರೆ ಒಂದು ಮಡಕೆ, ಒಂದು ಕಂಬಳಿ. ನಿಮ್ಮ ಕಾಗದದಲ್ಲಿ ಮೊದಲ್ನೇ ಪ್ರಶ್ನೆ ಏನು? ಸೂರು ಯಾವುದು. ತಗಡು ಅಂದ್ರೆ ಮುಗೀತು, ಉಳ್ಳವರು. ನ್ಯಾಗೊಂದ್ವೆ ತಗಡು ಅಂತಲೇ ಬರೆದ್ಲು. ಕಣ್ಣೆದುರಿಗೆ ಬರೆದ್ಲು. ಹೊರಗೆ ಬಂದು ಸೈಕಲ್ ಹತ್ತಿದ್ಲು. ಹಳ್ಳದ ಹತ್ರ ನಾನಂದೆ, ‘ಹುಲ್ಲು ಅಂತ ಬರೆದುಬಿಡೇ, ಯಾರು ಬಂದು ನೋಡ್ತಾರೆ?’

ಇಳಿದುಬಿಟ್ಲು ಸಾರ್! ಓಡ್ತಿರೋ ಸೈಕಲ್ಲಿಂದ. ಮನೆವರೆಗೂ ನಡೆದ್ಲು. ನಾನು ಹಿಂದೆ ಹಿಂದೆ ಸೈಕಲ್ ತಳ್ಕೊಂಡು, ‘ಹತ್ತು ಮಾರಾಯ್ತಿ, ಜನ ನೋಡ್ತಾರೆ’ ಅಂತ. ಜನ ನೋಡಿದ್ರು. ‘ಏನು ಕುಮ್ವೆಂಡಾ, ಸವಾರಿ ಬೇಡ್ವಂತಾ, ಬಾಡಿಗೆ ಜಾಸ್ತಿ ಕೇಳಿದ್ಯಾ?’ ಅಂತ ಕೂಗಿದ್ರು. ಅವಳು ತಿರುಗಿ ನೋಡ್ಲಿಲ್ಲ. ಮನೆ ಬಾಗಿಲಲ್ಲಿ ನಿಂತು ಹೇಳಿದ್ಲು, ‘ಇವತ್ತು ಒಳ್ಳೇ ಅಜ್ಜಿಗೆ ಸುಳ್ಳು ಬರೆದ್ರೆ ನಾಳೆ ಊರ ಯಜಮಾನನ ಮಗನಿಗೂ ಬರೀಬೇಕಾಗುತ್ತೆ. ಪ್ರಶ್ನೆ ತಪ್ಪಿದ್ರೆ ಪ್ರಶ್ನೆ ಜೊತೆ ಹೊಡೆದಾಡಬೇಕು. ಉತ್ತರ ತಿರುಚಬಾರದು.’ ನನಗೆ ಅರ್ಥ ಆಗ್ಲಿಲ್ಲ. ಉಂಡು ಮಲಗಿದೆ.

ಆ ಹುಡುಗಿ? ಗೊತ್ತಿಲ್ಲ. ಆ ಕಡೆ ಮತ್ತೆ ಹೋಗ್ಲಿಲ್ಲ ನಾವು.

ಬರೀರಿ ಸಾರ್. ಯಾಕೆ ಪೆನ್ನು ಹಾಗೇ ಹಿಡ್ಕೊಂಡಿದ್ದೀರಿ? ಗೋಡೆ ಇಟ್ಟಿಗೆ. ಅದು ಅಡ್ಡಿ ಇಲ್ಲ, ನನಗೆ ಗೊತ್ತು. ಸೈಕಲ್ ಒಂದು. ಕೋಳಿ ಇಲ್ಲ, ಶವಸಂಸ್ಕಾರಕ್ಕೆ ಬಂದವರಿಗೆ ಆಯ್ತು. ಸೂರು ಹುಲ್ಲು. ಅದು ಮೊದಲು ಬರೀರಿ, ಅದೇ ಮುಖ್ಯ. ಎಲ್ಲಿ, ಬರೆದ್ರಾ?

ಏನು?

ಇಲ್ಲ ಅಂದ್ರೆ?... ಆ ಪ್ರಶ್ನೆ ಇಲ್ಲ? ಇರಬೇಕು ಸಾರ್, ಮೊದಲ್ನೇದೇ ಅದು. ನನಗೆ ಓದೋಕೆ ಬರಲ್ಲ ನಿಜ, ಆದ್ರೆ ಅವಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೀನಿ... ತೆಗೆದುಬಿಟ್ರಾ? ಯಾವಾಗ? ಈ ವರ್ಷ?

ಯಾರು ತೆಗೆಸಿದ್ದು?

ಚವುಲಾ ಸಾರ್... ಯಾರು ಅಂತ ಕೇಳ್ದೆ. ನೆಲ ಯಾಕೆ ನೋಡ್ತೀರಿ? ಅಷ್ಟು ಹೊತ್ತಿಂದ ಮೇಲೆ ನೋಡ್ತಿದ್ರಿ, ಈಗ ನೆಲ ನೋಡ್ತೀರಿ.

ಹೇಳಿ ಮತ್ತೆ.

...

ಅವಳಾ.

ನನಗೆ ಹೇಳ್ಲಿಲ್ಲ. ಆಫೀಸಿನ ಮಾತು ಮನೆಗೆ ತರ್ತಿರಲಿಲ್ಲ, ನಿಮಗೇ ಗೊತ್ತಲ್ಲ. ಹೊಡೆದಾಡಿದ್ಲಾ? ಪ್ರಿನ್ಸಿಪಾಲರ ಹತ್ರ? ಎಷ್ಟು ವರ್ಷ... ಬೇಡ, ಹೇಳ್ಬೇಡಿ.

ಹಾಗಾದ್ರೆ ಗೊತ್ತಿದ್ದೇ ಹೇಳಿದ್ಲು, ಹಾಕ್ಬಹುದು ಅಂತ. ನಾನೇನಂದ್ಕೊಂಡೆ? ಜ್ವರದಲ್ಲಿ ಸೂರು ಮರೆತ್ಲು ಅಂದ್ಕೊಂಡೆ. ತಾನೇ ಹಾಕ್ಸಿದ ಸೂರು, ತನ್ನ ಮಗಳಿಗೇ ಅಡ್ಡ ಬರುತ್ತೆ ಅಂತ ತಿಳೀಲಿಲ್ಲ ಪಾಪ ಅಂದ್ಕೊಂಡೆ.

ಆ ಗಳದಲ್ಲಿ ಕಾಣ್ತಿದೆ ಅಲ್ವಾ ನಿಮಗೆ, ಮೊಳೆ ತೂತು? ಬಂದ ಕೂಡ್ಲೇ ಕಂಡಿತ್ತು. ಗಾಳಿ ಮೊಳೆ ಕೀಳಲ್ಲ. ಗೊತ್ತಿದ್ದೂ ಕೂತು ಕೇಳಿದ್ರಿ.

ತಗಡೇ ಸಾರ್. ಒಂದು ಸಂಬಳಕ್ಕೆ ಒಂದು ತಗಡು, ಇನ್ನೊಂದು ಸಂಬಳಕ್ಕೆ ಇನ್ನೊಂದು. ತನಗೆ ಒಂದು ಒಳ್ಳೇ ಚಿತೆಂಜೆ ಬಟ್ಟೆ ತಗೊಳ್ಳಲಿಲ್ಲ, ಅದೇ ಹಳೇದು ಸುತ್ಕೊಂಡು ಆಫೀಸಿಗೆ ಹೋದ್ಲು. ಮೊದಲ ಮಳೆ ಬಂದಾಗ ಬಾಗಿಲು ಹಾಕ್ಕೊಂಡು ಒಳಗೆ ನಿಂತು ಸದ್ದು ಕೇಳಿದ್ಲು. ಮಾತಾಡ್ಬೇಡ ಅಂದ್ಲು ನನಗೆ. ಈಗ ಅದೆಲ್ಲ ಪೇಟೆಯ ಹೆಂಡದಂಗಡಿ ಮೇಲಿದೆ. ಮಾರಿಬಿಟ್ಟೆ. ಮಳೆ ಬಂದ್ರೆ ಕುಡುಕರು ಕೇಳ್ತಾರೆ.

ಕಾಗದ ಮಡಚಿಟ್ರಿ.

ಬೇಡ, ನೀವೇನೂ ಹೇಳ್ಬೇಡಿ. ತಪಾಸಣೇಲಿ ಸುಳ್ಳು ಕಂಡ್ರೆ ಅರ್ಜಿ ಅಲ್ಲಿಗೇ ಮುಗೀತು. ಆ ನಿಯಮನ ಅವಳು ತೆಗೆಸಿಲ್ಲ, ಅಲ್ವಾ? ತೆಗೆಸಿರಲ್ಲ. ಅವಳಿದ್ದಿದ್ರೂ ಅದನ್ನೇ ಬರೀತಿದ್ಲು, ನನ್ನೆದುರಿಗೇ. ನೀವು ಬರೀರಿ. ಬರೀದೆ ಹೋದ್ರೆ ಅವಳ ಕುರ್ಚೀಲಿ ಹೆಂಗೆ ಕೂರ್ತೀರಿ ತಮ್ಮಾ? ಲುಸುಂಗುಗೆ... ಲುಸುಂಗುಗೆ ನಾನು ಹೇಳ್ತೀನಿ. ಹೆಂಗೋ ಹೇಳ್ತೀನಿ.

ಹುಡುಗಿದು ತಪ್ಪಿಲ್ಲ ಸಾರ್. ಅದೊಂದು ಬರ್ಕೊಳ್ಳಿ, ಜಾಗ ಇದ್ರೆ. ತಗಡು ಕೀಳ್ತೀನಿ ಅಂತ ಅವಳಿಗೆ ಹೇಳೇ ಇರ್ಲಿಲ್ಲ ನಾನು. ಯಾರಿಗೂ ಹೇಳಿರ್ಲಿಲ್ಲ. ನ್ಯಾಗೊಂದ್ವೆನ ಮಣ್ಣು ಮಾಡಿ ಬಂದ್ವಿ. ಅವಳ ಅಕ್ಕತಂಗೀರು ಅತ್ತು ಅತ್ತು ಇಲ್ಲೇ, ಈ ಚಾಪೆ ಮೇಲೆ ಮಲಗಿದ್ರು. ಲುಸುಂಗು ಅವರ ಮಧ್ಯೆ. ಮಾರನೇ ಬೆಳಿಗ್ಗೆ ಯಾರೂ ಎದ್ದಿರ್ಲಿಲ್ಲ. ನಾನು ಏಣಿ ಇಟ್ಟು ಹತ್ತಿದೆ. ಮೊದಲ ತಗಡು ಎತ್ತಿದೆ, ಒಳಗೆ ಬಿಸಿಲು ಬಿತ್ತು, ಎಲ್ಲರ ಮುಖದ ಮೇಲೆ. ಅವಳ ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ್ಲು, ‘ಕುಮ್ವೆಂಡಾ, ಹುಚ್ಚು ಹಿಡೀತೇನೋ? ಏನು ಮಾಡ್ತಿದ್ದೀಯಾ ಅಲ್ಲಿ?’

‘ಅವಳು ಹೇಳಿದ್ದು’ ಅಂದೆ. ಅಂದು, ಪಕ್ಕದ ತಗಡಿನ ಮೊಳೆ ಕಿತ್ತೆ.