ಒಂಬತ್ತೂವರೆಯಲ್ಲೇ ನಿಂತ ಮುಳ್ಳು

“ಹಲೋ... ಯಾರ್ ಮಾತಾಡುದ್? ಹೋಟ್ಲಿನವ್ರಾ? ... ಶೈಲೇಶನ್ನ ಕರಿನಿ. ಊರಿಂದ ಅವ್ನ ಅತ್ಗಿ, ಹರಿಣಾಕ್ಷಿ. ... ಕೆಲ್ಸದಲ್ಲಿದ್ರೂ ಕರಿನಿ!”

ಕಿರಿಮಂಜೇಶ್ವರದ ರಸ್ತೆ ಬದಿಯಲ್ಲಿ ಮೀನಿನ ಬುಟ್ಟಿಗೆ ಗೋಣಿ ಮುಚ್ಚಿ ಎದ್ದು ನಿಂತಿದ್ದಳು ಹರಿಣಾಕ್ಷಿ. ಬಂಗುಡೆ ಕೇಳಿದ ಗಿರಾಕಿಯನ್ನು ಕೈಸನ್ನೆಯಲ್ಲೇ ಅಟ್ಟಿದಳು. ಮೈಯೆಲ್ಲ ಉರಿಯುತ್ತಿತ್ತು, ಉರಿಯದೆ ಇನ್ನೇನು? ಗಂಡ ಪಾಂಡು ಬೋಟಿನಲ್ಲಿ, ಹತ್ತು ದಿನ ಫೋನಿಗೆ ಸಿಗುವವನಲ್ಲ. ಮುಂಬಯಿಯಲ್ಲಿ ಕೂತ ಮೈದುನ, ಅವಳನ್ನು ಒಂದು ಮಾತೂ ಕೇಳದೆ, ಅವಳ ಮಗಳು ನವ್ಯಶ್ರೀಯ ಹೃದಯದ ಆಪರೇಷನ್ ಈಗ ಬೇಡವೆಂದು ಆಸ್ಪತ್ರೆಗೆ ಹೇಳಿಬಿಟ್ಟಿದ್ದ.

“ಹಾಂ, ಶೈಲೇಶ... ಎಂತ ಹೇಳ್ದೆ ನೀನ್ ಆಸ್ಪತ್ರಿಯವ್ರಿಗೆ? ... ಮುಂದಿನ ವರ್ಷ ಕಾಂಬ ಅಂತ್ಯಾ? ಯಾರ್ ನಿನ್ ಹತ್ರ ಕೇಂಡದ್ದ್?”

“... ಫೈಲಲ್ಲಿ ನಿನ್ ನಂಬ್ರ ಇಪ್ಪುದ್ ಹೌದ್. ಅಣ್ಣ ಕಡ್ಲಲ್ಲಿರ್ತ, ಅತ್ಗಿ ಕೈ ಮೀನ್ ಬುಟ್ಟಿಯಲ್ಲಿರತ್ತ್, ಫೋನ್ ಎತ್ತುದಿಲ್ಲ ಅಂದೇಳಿ ನೀನೇ ಬರ್ದದ್ದ್, ಅಲ್ದಾ? ನಂಬ್ರ ನಿಂದಾದ್ರೆ ಮಗು ನಿಂದಾತ್ತಾ?”

“... ಮೊದ್ಲ್ ಬೆಳೂಕೆ ಇಂಜೆಕ್ಷನ್ ಕೊಡ್ಸುದಾ? ಮೊಬೈಲಲ್ಲಿ ಕಂಡ್ಯಾ? ... ಕೇಣ್ ಇಲ್ಲಿ. ಬೆಳೆಸು ಹಾರ್ಮೋನ್ ನವ್ಯಶ್ರೀ ಮೈಯಲ್ಲಿ ಬೇಕಾದಷ್ಟ್ ಇತ್ತ್ ಅಂತ್ಲೇ ಡಾಕ್ಟ್ರ್ ಹೇಳ್ರ್. ಅದ್ರ ಮಾತ್ ಮೈ ಕೇಂತಿಲ್ಲ. ಉಂಡದ್ದೆಲ್ಲ ಉಸ್ರಾಡುಕೇ, ಆ ತೂತಿಪ್ಪು ಹೃದಯ ಬಡ್ಕಂಬುಕೇ ಖರ್ಚಾತ್ತ್. ತೂತ್ ಮುಚ್ಚಿದ್ ಮೇಲೇ ಬೆಳುದ್. ಬೆಳ್ದ್ ಮೇಲ್ ಆಪರೇಷನ್ ಅಂತ ಕೂತ್ರೆ ಅವ್ಳ್ ಬೆಳುದೂ ಇಲ್ಲ, ಆಪರೇಷನ್ ಆಪುದೂ ಇಲ್ಲ!”

“... ಸಣ್ಣದ್, ತಡ್ಕಣುದಿಲ್ಲ ಅಂತ ಹೆದ್ರಿಕೆಯಾ? ನಂಗಿಲ್ಯಾ ಹೆದ್ರಿಕೆ? ಹೆತ್ತವ್ಳಿಗೆ ಇಲ್ಯಾ?”

ಬುಟ್ಟಿಯ ಪಕ್ಕದ ತಕ್ಕಡಿಯನ್ನು ಕಾಲಿನಿಂದ ಬದಿಗೆ ತಳ್ಳಿದಳು.

“... ವಾರವಾರ ಮೀನ್ ತೂಗು ತಕ್ಡಿಯಲ್ಲಿ ಕೂರ್ಸಿ ತೂಗ್ತೆ ನಾನ್. ಎಂಟ್ ತಿಂಗ್ಳಿಂದ ಒಂಬತ್ತೂವರಿ ಕಿಲೋ. ಮುಳ್ಳ್ ಅಲ್ಲಾಡುದಿಲ್ಲ. ನಾಕ್ ವರ್ಷದ ಹೆಣ್ಣ್ ಮಾರಾಯ! ... ಹಾಂ? ನೀನ್ ಕಳ್ಸಿದ ಕೆಂಪ್ ಫ್ರಾಕಾ? ಬೆಳ್ದ್ ಹಾಯ್ಕಣ್ಲಿ ಅಂದೇಳಿ ದೊಡ್ದೇ ಕಳ್ಸಿದ್ಯಲ್ದಾ, ಎರ್ಡ್ ವರ್ಷದ ಹಿಂದೆ? ಇವತ್ತ್ ಅದ್ನೇ ಹಾಕಿದೆ. ಈಗ್ಲೂ ಹೆಗ್ಲಿಂದ ಜಾರತ್ತ್, ಶೈಲೇಶ.”

ಆ ಕಡೆ ಪಾತ್ರೆಗಳ ಸದ್ದಿನ ನಡುವೆ ಬಿಕ್ಕಳಿಕೆ ಕೇಳಿತು.

“... ಅಳ್ಬೇಡ. ಅಳುಕೆ ಹೊತ್ತಿಲ್ಲ. ಬ್ಯಾಡ ಅಂದ ನಂಬ್ರದಿಂದ್ಲೇ ಬೇಕ್ ಅಂತ ಹೇಳ್ಕ್ ಅಂಬ್ರ್ ಆಸ್ಪತ್ರಿಯವ್ರ್, ಐದ್ ಗಂಟಿ ಒಳ್ಗೆ. ಇಲ್ದಿರೆ ಸೋಮವಾರದ ಜಾಗ ಬೇರೆ ಮಗುಗೆ. ಈಗ ಎಷ್ಟಾಯ್ತ್ ಗಂಟಿ? ... ಇನ್ನ್ ಹತ್ತೇ ನಿಮಿಷ ಇತ್ತ್. ... ತಪ್ಪಾಯ್ತ್ ಅಂಬುದೆಲ್ಲ ಮತ್ತ್ ಕಾಂಬ! ಕಡಿ ಮಾರಾಯ, ನನ್ ಫೋನ್ ಕಡಿ! ಆಸ್ಪತ್ರಿಗೆ ಮಾ—”

ಲೈನು ಕಡಿಯಿತು. ಶೈಲೇಶ ಅತ್ತಿಗೆಯ ಮಾತು ಕೇಳಿದ್ದು ಇದೇ ಮೊದಲು.