ಎಜಿದಿಯೊ ತಿರುಗಿ ನೋಡದ ಓಟ

ಮಾನ್ಯ ಅಧ್ಯಕ್ಷರಾದ ಮೇಯರ್ ಅವರೇ, ವೇದಿಕೆಯ ಮೇಲಿರುವ ಪಾದ್ರಿ ದೋನ್ ಸಿಲ್ವಾನೊ ಅವರೇ, ತೊರಿನೊದಿಂದ ಅಷ್ಟು ದೂರ ರೈಲಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ತಮ್ಮನ ಹೆಂಡತಿ ದೆಲ್ಫೀನಾ ಅವರೇ, ಕಿವಿಯಿಂದ ಕೇಳುವ ಸಭಿಕರೇ, ಕಣ್ಣಿನಿಂದ ಕೇಳುವ ಸಭಿಕರೇ.

ನನ್ನ ಪಕ್ಕದಲ್ಲಿ ನಿಂತು ನನ್ನ ಮಾತನ್ನು ಕೈಗೆ ಇಳಿಸುತ್ತಿರುವ ಈ ಹುಡುಗಿ ಇಲೇನಿಯಾ. ಇವಳು ಈ ವಿದ್ಯೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿತವಳು. ಬೆಳಿಗ್ಗೆಯೇ ಬಂದು, "ನಿವೆಸ್ ಅಜ್ಜಿ, ಸ್ವಲ್ಪ ನಿಧಾನಕ್ಕೆ ಮಾತಾಡಿ, ಮಧ್ಯೆ ಮಧ್ಯೆ ಉಸಿರು ತಗೊಳ್ಳಿ, ನನ್ನ ಕೈಗೂ ಸುಸ್ತಾಗತ್ತೆ" ಎಂದು ಹೇಳಿದ್ದಾಳೆ. ನಾನು ಒಪ್ಪಿದ್ದೇನೆ. ಆದರೆ ನಾನು ನಮ್ಮ ಈ ಕ್ಯೋಜಾದ ಮೀನು ಮಾರುಕಟ್ಟೆಯಲ್ಲಿ ಇಡೀ ಆಯುಷ್ಯ ಕಳೆದವಳು. ನಿಧಾನಕ್ಕೆ ಮಾತಾಡಿದವರ ಮೀನು ಅಲ್ಲಿ ಬುಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತಪ್ಪಿದರೆ ಅವಳೂ ನೀವೂ ಕ್ಷಮಿಸಬೇಕು.

ಸಮುದ್ರದ ದಡದ ಹೊಸ ಓಟದ ದಾರಿಗೆ ನನ್ನ ತಮ್ಮ ಎಜಿದಿಯೊ ತಿಯೊತ್ಸೊನ ಹೆಸರಿಡುತ್ತಿದ್ದೀರಿ. ಬಹಳ ಸಂತೋಷ. ನಮ್ಮ ಊರಿನಲ್ಲಿ ಕಲ್ಲೆಸೆದರೆ ಅದು ಒಬ್ಬ ತಿಯೊತ್ಸೊನ ಮನೆಯ ಮೇಲೆಯೇ ಬೀಳುತ್ತದೆ, ಅಲ್ಲವೇ? ಮೇಯರ್ ಅವರೂ ತಿಯೊತ್ಸೊ, ಅವರ ವಿರುದ್ಧ ಸೋತವರೂ ತಿಯೊತ್ಸೊ. ಹಾಗಾಗಿ ಪ್ರತಿ ಮನೆಗೂ ಒಂದು ಅಡ್ಡ ಹೆಸರು ಬೇಕಾಗುತ್ತದೆ. ನಮ್ಮದನ್ನು ಮೊದಲು ಮೂಕನ ಮನೆ ಎನ್ನುತ್ತಿದ್ದರು. ನನ್ನ ತಮ್ಮ ಪದಕ ತಂದ ಮೇಲೆ ಓಟಗಾರನ ಮನೆ ಎನ್ನತೊಡಗಿದರು. ಈಗ ಆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಮಂಡಿ ನೋವು. ಬ್ರೆಡ್ ಅಂಗಡಿಯವರೆಗೆ ಹೋಗಿ ಬರುವುದರೊಳಗೆ ಎರಡು ಸಲ ಕೂರುತ್ತೇನೆ. ಆದರೂ ಅಂಚೆಯವನು "ಓಟಗಾರನ ಮನೆ" ಎಂದೇ ಕೂಗುತ್ತಾನೆ.

ತಮ್ಮನಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ನನಗಾಗ ಆರು ವರ್ಷ. ಅಪ್ಪ ದೋಣಿಯ ಮೇಲೆ, ಅಮ್ಮ ಮಾರುಕಟ್ಟೆಯಲ್ಲಿ. ಮನೆಯಲ್ಲಿ ಉಳಿದವರು ನಾವಿಬ್ಬರು. ಯಾರೂ ನಮಗೆ ಕೈಮಾತು ಕಲಿಸಲಿಲ್ಲ. ಬೇಕಾದದ್ದನ್ನು ನಾವೇ ಕಟ್ಟಿಕೊಂಡೆವು. ಹೆಬ್ಬೆರಳನ್ನು ಗಲ್ಲಕ್ಕೆ ಒರೆಸಿದರೆ ಅಪ್ಪ, ಅಪ್ಪನ ಗಡ್ಡ ಚುಚ್ಚುತ್ತಿತ್ತು. ಮೂಗು ಹಿಡಿದುಕೊಂಡರೆ ಸೋಮವಾರ, ಆ ದಿನ ನಮ್ಮ ಓಣಿಯಲ್ಲಿ ಹಳೆಯ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಆ ಮಾತಿಗೆ ವ್ಯಾಕರಣ ಇತ್ತೋ ಇಲ್ಲವೋ ನಾನು ಕಾಣೆ. ಜಗಳವಾಡುವುದಕ್ಕೆ ಮಾತ್ರ ಸಾಲುತ್ತಿತ್ತು. ಒಂದು ಮಾತಿಗೆ ಅದಕ್ಕಿಂತ ಹೆಚ್ಚು ಇನ್ನೇನು ಬೇಕು?

ಎಂಟನೆಯ ವಯಸ್ಸಿಗೆ ಅವನನ್ನು ದೂರದ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಹಬ್ಬಕ್ಕೆ ಬಂದಾಗ ಅವನು ಮೊದಲಿಗಿಂತ ವೇಗವಾಗಿ ಕೈ ಆಡಿಸುತ್ತಿದ್ದ. ಶಾಲೆಯ ಕೈಮಾತು ಅದು. ನನಗೆ ತಿಳಿಯದಿದ್ದಾಗ ನಕ್ಕು, ಮತ್ತೆ ನಮ್ಮ ಮನೆಮಾತಿಗೆ ಬರುತ್ತಿದ್ದ. ಅವನಿಗೆ ಎರಡು ಭಾಷೆ ಇದೆ, ನನಗೆ ಒಂದೇ ಇದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವನಿಗೆ ಓಟದ ಹುಚ್ಚು ಹತ್ತಿದ್ದು ಆ ಶಾಲೆಯಲ್ಲಿ. ಕಲಿಕೆ ಮುಗಿಸಿ ಊರಿಗೆ ಬಂದ ಮೇಲೆ ಚಳಿಗಾಲದಲ್ಲಿ ಮರಳಿನ ಮೇಲೆ ಓಡುತ್ತಿದ್ದ, ಮರಳು ಒದ್ದೆಯಾದರೆ ರೋಮೆಯಾ ರಸ್ತೆಯ ಅಂಚಿನಲ್ಲಿ. ರೋಮೆಯಾದಲ್ಲಿ ಲಾರಿಗಳು ಹೇಗೆ ಬರುತ್ತವೆ ಎಂದು ನಿಮಗೆ ನಾನು ಹೇಳಬೇಕೆ? ಅಮ್ಮ ಒಂದು ದಿನ ನನ್ನ ಕೈಗೆ ಸೈಕಲ್ ಕೊಟ್ಟು, "ಅವನ ಹಿಂದೆ ಹೋಗೇ. ಅವನಿಗೆ ಬೆನ್ನಲ್ಲಿ ಕಿವಿ ಇಲ್ಲ" ಎಂದಳು. ಅಂದಿನಿಂದ ಅವನು ಮುಂದೆ, ನಾನು ಹಿಂದೆ. ಅವನು ಆಗಾಗ ತಿರುಗಿ ನನ್ನನ್ನು ನೋಡುತ್ತಿದ್ದ. ನನ್ನ ಎಡಗೈ ಮೇಲಿದ್ದರೆ ಹಿಂದೆ ಗಾಡಿ ಬರುತ್ತಿದೆ ಎಂದು ಅರ್ಥ. ಆಗ ಅವನು ಹುಲ್ಲಿಗೆ ಇಳಿಯುತ್ತಿದ್ದ. ಹೀಗೆ ವರ್ಷಗಳು ಹೋದವು. ಆ ದಿನಗಳಲ್ಲಿ ನನಗೆ ರುಜ್ಜೇರೊ ಎಂಬ ಹುಡುಗನೊಂದಿಗೆ ಮದುವೆಯ ಮಾತಾಗಿತ್ತು, ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ಅವನು ಒಮ್ಮೆ ಕೇಳಿದ: "ಭಾನುವಾರ ನಿನ್ ತಮ್ಮನ್ನ ಬಿಟ್ಟು ಬರೋಕಾಗಲ್ವಾ?" ನಾನು ಹೇಳಿದೆ: "ನೀನೂ ಓಡು, ನಿನ್ ಹಿಂದೇನೂ ಬರ್ತೀನಿ." ತಮಾಷೆಗೆ ಹೇಳಿದ್ದು. ಅವನು ನಗಲಿಲ್ಲ. ಇರಲಿ, ಅದು ಈ ಸಭೆಗೆ ಸಂಬಂಧಿಸಿದ ವಿಷಯವಲ್ಲ.

ಆಮೇಲೆ ಜಗತ್ತಿನ ಕಿವುಡರ ಕ್ರೀಡಾಕೂಟ ಬಂತು. ಇಟಲಿಯ ತಂಡಕ್ಕೆ ಎಜಿದಿಯೊ ಆಯ್ಕೆಯಾದ. ಓಟಗಾರರು, ಈಜುಗಾರರು, ಕುಸ್ತಿಯವರು, ಎಲ್ಲ ಸೇರಿ ಒಂದು ರೈಲು ಬೋಗಿ ತುಂಬ ಜನ. ತರಬೇತುದಾರ ಫಾಬ್ರಿಸ್ ಕೂಡ ಕಿವುಡರೇ. ನಿಲ್ದಾಣದ ಘೋಷಣೆ ಕೇಳುವುದಕ್ಕೆ, ಫೋನ್ ಮಾಡುವುದಕ್ಕೆ ಕಿವಿ ಇರುವ ಒಬ್ಬರು ಬೇಕಾಗಿತ್ತು. ಅಮ್ಮ ನನ್ನನ್ನು ಹೊರಡಿಸಿದಳು. ನನಗೂ ಹೆಮ್ಮೆ. ಇಟಲಿ ಎಂದು ಎದೆಯ ಮೇಲೆ ಬರೆದಿದ್ದ ನೀಲಿ ಅಂಗಿ ನನಗೂ ಸಿಕ್ಕಿತು. ಆದರೆ ಗಡಿ ದಾಟಿದ ಮೇಲೆ ಘೋಷಣೆಗಳೆಲ್ಲ ಪರಭಾಷೆಯಲ್ಲಿ. ನನಗೆ ಕೇಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಬದಲಾಯಿಸಬೇಕಾದ ರೈಲನ್ನು ಕೊನೆಗೆ ಗಡಿಯಾರ ನೋಡಿ ಹುಡುಕಿದವರು ಫಾಬ್ರಿಸ್ ಅವರೇ.

ಸಭಿಕರೇ, ಕಿವುಡರು ತುಂಬಿದ ರೈಲು ಬೋಗಿ ಶಾಂತವಾಗಿರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕಾಲಿನಿಂದ ನೆಲ ಕುಟ್ಟಿ ಕರೆಯುತ್ತಾರೆ, ಮೇಜು ಗುದ್ದುತ್ತಾರೆ, ಗಂಟಲು ತೆರೆದು ನಗುತ್ತಾರೆ. ಆ ಗದ್ದಲದ ನಡುವೆ ನಾನು ಕುಳಿತಿದ್ದೆ. ಅವರ ಕೈಗಳು ಹಾರುತ್ತಿದ್ದವು. ನನಗೆ ಒಂದು ಮಾತೂ ತಿಳಿಯಲಿಲ್ಲ. ಎಲ್ಲರೂ ನಕ್ಕಾಗ ನಾನೂ ನಕ್ಕೆ, ಸ್ವಲ್ಪ ತಡವಾಗಿ. ತಮ್ಮನ ತೋಳು ಮುಟ್ಟಿ ಕೇಳಿದೆ: "ಏನಂದ್ರೋ?"

ಅವನು ನನ್ನ ಕಡೆ ಪೂರ್ತಿ ತಿರುಗಲಿಲ್ಲ. ನಮ್ಮ ಮನೆಮಾತಿನಲ್ಲಿ ಹೇಳಿದ: "ಆಮೇಲೆ ಹೇಳ್ತೀನಿ ಅಕ್ಕ."

ನಿಮ್ಮ ಮನೆಯಲ್ಲಿ ಕಿವಿ ಕೇಳದವರಿದ್ದರೆ ಆ ಮಾತು ನಿಮಗೆ ಗೊತ್ತಿರುತ್ತದೆ. ಕ್ರಿಸ್ಮಸ್ ಊಟಕ್ಕೆ ಎಲ್ಲರೂ ಕುಳಿತು, ಚಿಕ್ಕಪ್ಪ ಏನೋ ಹೇಳಿ ಎಲ್ಲರೂ ನಕ್ಕಾಗ, ಆ ಹುಡುಗ ತೋಳು ಹಿಡಿದು ಕೇಳುತ್ತಾನೆ. ನಾವು ಹೇಳುತ್ತೇವೆ, ಆಮೇಲೆ ಹೇಳ್ತೀನಿ. ಆಮೇಲೆ ಎಂಬುದು ಯಾವಾಗ ಬಂದಿದೆ? ನಮ್ಮ ಮನೆಯಲ್ಲಂತೂ ಬಂದ ನೆನಪಿಲ್ಲ. ಕಿಟಕಿಯಲ್ಲಿ ಆಲ್ಪ್ಸ್ ಪರ್ವತ ಹೋಗುತ್ತಿತ್ತು. ನಾನು ಅದನ್ನು ನೋಡುತ್ತ ಕುಳಿತೆ. ಬಹಳ ದೊಡ್ಡ ಪರ್ವತ.

ಕೂಟ ನಡೆದದ್ದು ಉತ್ತರದ ಒಂದು ಊರಿನಲ್ಲಿ. ಹೆಸರು ಹೇಳಲು ನನ್ನ ನಾಲಿಗೆ ಆಗಲೂ ತಿರುಗಲಿಲ್ಲ, ಈಗಲೂ ತಿರುಗುವುದಿಲ್ಲ. ಅಲ್ಲಿ ಪಾಸ್ತಾವನ್ನು ಗಂಜಿಯಾಗುವವರೆಗೆ ಬೇಯಿಸಿ ಬಡಿಸುತ್ತಿದ್ದರು. ನಮ್ಮ ಕುಸ್ತಿಪಟುಗಳು ಅದನ್ನು ನೋಡಿ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡರು. ಊಟದ ಮನೆಯಲ್ಲಿ ಒಂದು ವಿಚಿತ್ರ ನೋಡಿದೆ. ಜಪಾನಿನವರು, ಹಂಗೇರಿಯವರು, ನಮ್ಮವರು, ಒಬ್ಬರ ಭಾಷೆ ಒಬ್ಬರಿಗೆ ಬಾರದವರು, ಎರಡನೆಯ ದಿನಕ್ಕೆ ಕೈಯಲ್ಲಿ ಹರಟೆ ಹೊಡೆಯುತ್ತಿದ್ದರು. ಬಂದವರಿಗೆಲ್ಲ ಕೈಯಲ್ಲೇ ಅಡ್ಡ ಹೆಸರಿಡುತ್ತಿದ್ದರು. ಎಜಿದಿಯೊಗೆ ಉದ್ದ ಮೂಗಿನ ಹೆಸರು ಬಂತು. ನನ್ನನ್ನು ಉದ್ದ ಮೂಗಿನವನ ಅಕ್ಕ ಎಂದರು. ಪರವಾಗಿಲ್ಲ, ಅದು ಸುಳ್ಳಲ್ಲ.

ದೆಲ್ಫೀನಾಳನ್ನು ನಾನು ಮೊದಲು ನೋಡಿದ್ದು ಅಲ್ಲಿ. ಅವಳು ತೊರಿನೊದವಳು, ನಮ್ಮ ಮಹಿಳಾ ತಂಡದಲ್ಲಿ ಈಟಿ ಎಸೆಯುತ್ತಿದ್ದಳು. ಎತ್ತರದ ಹುಡುಗಿ, ಭುಜ ಗಂಡಸರಂತೆ. ಅವಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹಿಂದೆಯೂ ಇರಲಿಲ್ಲ. ಇಲೇನಿಯಾ, ಇದನ್ನು ಸ್ಪಷ್ಟವಾಗಿ ಹೇಳಮ್ಮ.

ಮೊದಲ ಓಟ ಸಾವಿರದ ಐನೂರು ಮೀಟರ್. ನಾನು ಮೇಲೆ ಮೆಟ್ಟಿಲುಗಳ ಮೇಲೆ ಕುಳಿತಿದ್ದೆ. ಕೊನೆಯ ತಿರುವಿನವರೆಗೂ ಎಜಿದಿಯೊ ಮೂರನೆಯವನಾಗಿದ್ದ, ಮುಂದಿನವರು ದಣಿದಿದ್ದರು. ಆಗ ಅವನು ತಿರುಗಿ ನೋಡಿದ. ಒಂದು ಸಲ ನೋಡಿದ, ಮತ್ತೊಂದು ಸಲ ನೋಡಿದ. ಎರಡನೆಯ ಸಲ ನೋಡುವಾಗ ಹೆಜ್ಜೆ ಸಡಿಲವಾಯಿತು, ಒಳಗಿನಿಂದ ಒಬ್ಬ ನುಗ್ಗಿ ಮುಂದೆ ಹೋದ. ನಮ್ಮವನು ನಾಲ್ಕನೆಯವನಾದ. ಅವನು ಯಾಕೆ ತಿರುಗಿದ ಎಂದು ಇಡೀ ಮೈದಾನದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ನನ್ನ ಎಡಗೈ ತಾನಾಗಿಯೇ ಮೇಲೆ ಹೋಗಿತ್ತು. ಕೆಳಗಿಳಿಸಿಕೊಂಡೆ.

ಸಂಜೆ ಅವನು ಊಟದ ತಟ್ಟೆ ಹಿಡಿದು ನನ್ನ ಎದುರು ಬಂದು ಕುಳಿತ.

"ದೆಲ್ಫೀನಾ ಕೇಳಿದ್ಳು," ಎಂದ. "ಓಡ್ತಾ ಓಡ್ತಾ ಯಾರನ್ನ ಹುಡುಕ್ತಿದ್ದೆ ಅಂತ."

"ನೀನೇನಂದೆ?"

"ಲಾರೀನ ಅಂದೆ." ನಕ್ಕ. ಆಮೇಲೆ ನಗು ನಿಲ್ಲಿಸಿದ. "ಅಕ್ಕ, ಐದು ಸಾವಿರ ಮೀಟರಿನ ದಿನ ನೀನು ಮೈದಾನಕ್ಕೆ ಬರಬೇಡ."

"ಯಾಕೋ? ನಾನೇನು ಹಿಂದೆ ಸೈಕಲ್ ತರ್ತೀನಾ? ಮೇಲೆ ಮೂಲೇಲಿ ಕೂತಿರ್ತೀನಿ."

"ನೀನು ಎಲ್ಲಿದ್ರೂ ತಿರುಗಿ ನೋಡ್ತೀನಿ."

"ನಾನು ಬಂದಿಲ್ಲ ಅಂದ್ಕೊಂಡು ಓಡು."

"ಅಂದ್ಕೊಳ್ಳೋಕಾಗಲ್ಲ ಅಕ್ಕ. ನೀನು ನಿಜವಾಗ್ಲೂ ಇರಬಾರದು."

ಅವನು ಕೋಪದಿಂದ ಹೇಳಲಿಲ್ಲ. ಕಣ್ಣು ಒದ್ದೆಯಾಗಿತ್ತು. ನಾನು ಸರಿ ಎಂದೆ. ಅವನ ತಟ್ಟೆಯಲ್ಲಿದ್ದ ಬೆಂದ ಆಲೂಗಡ್ಡೆಗೆ ಉಪ್ಪು ಹಾಕಿಕೊಟ್ಟೆ. ಬೇರೇನು ಮಾಡಬಹುದಿತ್ತು?

ಆದ್ದರಿಂದ ಮಾನ್ಯ ಅಧ್ಯಕ್ಷರು ಈಗಷ್ಟೇ ನನ್ನನ್ನು ಪರಿಚಯಿಸುತ್ತ, ಆ ಪದಕದ ಓಟವನ್ನು ಕಣ್ಣಾರೆ ಕಂಡವರು ಎಂದದ್ದು ಪ್ರೀತಿಯ ಮಾತು, ಆದರೆ ನಿಜವಲ್ಲ. ನಾನು ಕಾಣಲಿಲ್ಲ. ಅವತ್ತು ನಾನು ಮೈದಾನದ ಹೊರಗೆ, ಟ್ರಾಮ್ ನಿಲ್ಲುವ ಜಾಗದ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ದೂರ ಹೋಗುತ್ತೇನೆ ಎಂದು ಹೇಳಿರಲಿಲ್ಲ. ಟ್ರಾಮ್ ಬರುತ್ತಿತ್ತು, ಹೋಗುತ್ತಿತ್ತು. ಚಾಲಕ ಒಬ್ಬ ನಿಲ್ಲಿಸಿ ಏನೋ ಕೇಳಿದ, ನಾನು ತಲೆಯಾಡಿಸಿದೆ. ಆ ಊರಿನಲ್ಲಿ ಕಿವಿ ಇದ್ದವರ ಭಾಷೆ ನನಗೆ ಬರುತ್ತಿರಲಿಲ್ಲ, ಗೋಡೆಯ ಒಳಗಿದ್ದವರ ಭಾಷೆಯೂ ಬರುತ್ತಿರಲಿಲ್ಲ. ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಕುಳಿತಿಲ್ಲ ಎನ್ನೋಣವೆಂದರೆ, ಅದೂ ಪೂರ್ತಿ ನಿಜವಲ್ಲ.

ಆಗ ಒಳಗಿನಿಂದ ಸದ್ದು ಬಂತು. ಸಾವಿರಾರು ಜನ ಕಾಲಿನಿಂದ ಹಲಗೆ ಮೆಟ್ಟಿಲು ಕುಟ್ಟುತ್ತಿದ್ದರು. ತಾವು ಎಷ್ಟು ಜೋರಾಗಿ ಕೂಗುತ್ತಿದ್ದೇವೆ ಎಂದು ತಿಳಿಯದವರ ಕೂಗು ಅದು. ಎತ್ತರ ತಗ್ಗು ಇಲ್ಲ, ಲಜ್ಜೆ ಇಲ್ಲ. ಬೆಂಚು ನನ್ನ ಕೆಳಗೆ ಅದುರಿತು. ಯಾರಿಗಾಗಿ ಕೂಗುತ್ತಿದ್ದಾರೆ ಎಂದು ತಿಳಿಯುವ ದಾರಿ ನನಗಿರಲಿಲ್ಲ. ಸದ್ದು ಏರಿ ಏರಿ ಒಮ್ಮೆ ಒಡೆದು ನಿಂತಿತು.

ಜನ ಹೊರಬಂದರು. ನಾನು ಎದ್ದು ನಿಂತು, ಬಂದವರನ್ನೆಲ್ಲ ನನ್ನ ಕೈಮಾತಿನಲ್ಲಿ ಕೇಳಿದೆ, ಯಾರು ಗೆದ್ದರು, ಯಾರು. ಯಾರಿಗೂ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಅದು ಕ್ಯೋಜಾದ ಒಂದು ಅಡುಗೆಮನೆಯ ಭಾಷೆ. ಕೊನೆಗೆ ಹ್ಯಾಟು ತೊಟ್ಟ ಒಬ್ಬ ಮುದುಕರು ನಿಂತು, ನನ್ನ ನೀಲಿ ಅಂಗಿಯನ್ನು ಬೆರಳಿನಿಂದ ತೋರಿಸಿ, ತಮ್ಮ ಮೂಗನ್ನು ಉದ್ದಕ್ಕೆ ಎಳೆದು, ಎರಡು ಬೆರಳು ಎತ್ತಿದರು. ಎರಡನೆಯ ಸ್ಥಾನ. ಬೆಳ್ಳಿ. ಹೀಗೆ ನನ್ನ ತಮ್ಮ ಗೆದ್ದ ಸುದ್ದಿ ನನಗೆ ಒಬ್ಬ ಅಪರಿಚಿತರಿಂದ ತಿಳಿಯಿತು. ಅವರ ದೇಶ ಯಾವುದೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ನಮ್ಮವರು ಬಂದರು. ಎಜಿದಿಯೊ ಕುಸ್ತಿಪಟುಗಳ ಹೆಗಲ ಮೇಲಿದ್ದ. ನನ್ನನ್ನು ಕಂಡವನೇ ಕೆಳಗೆ ಜಿಗಿದು ಓಡಿಬಂದ. ಬೆವರಿನ ವಾಸನೆ. ಮೊದಲು ಅವನ ಮುಖದಲ್ಲಿ ಭಯ ಕಂಡಿತು.

"ಒಳಗೆ ಬಂದಿದ್ಯಾ?"

"ಇಲ್ಲ ಕಣೋ. ಇಲ್ಲೇ ಕೂತಿದ್ದೆ. ನೋಡಲಿಲ್ಲ. ಬರೀ ಕೇಳಿಸ್ತು."

ಅವನು ನನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಕೇಳಿದ: "ಹೇಗಿತ್ತು?"

ಸಭಿಕರೇ, ಅದು ಅವನ ಹೆಸರಿಗೆ ಬಂದ ಕೂಗು. ಅವನಿಗೆ ಅದು ಕೇಳಿರಲಿಲ್ಲ, ಕೂಗಿದವರಿಗೂ ಬಹುಪಾಲು ಕೇಳಿರಲಿಲ್ಲ. ಅದನ್ನು ಹೇಗೆ ಹೇಳುವುದು? ನಾವು ಚಿಕ್ಕವರಿದ್ದಾಗ, ನವೆಂಬರಿನ ಬಿರುಗಾಳಿಯ ದಿನ, ಅಪ್ಪ ನಮ್ಮನ್ನು ಆಚೆ ದಡದ ಪೆಲ್ಲೆಸ್ತ್ರೀನಾಕ್ಕೆ ಕರೆದೊಯ್ದಿದ್ದರು. ಸಮುದ್ರ ಕಲ್ಲುಗೋಡೆಗೆ ಬಡಿಯುತ್ತಿತ್ತು. ಅಪ್ಪ ಅವನ ಎರಡೂ ಅಂಗೈಗಳನ್ನು ಈಚೆ ಬದಿಯಿಂದ ಗೋಡೆಗೆ ಒತ್ತಿ ಹಿಡಿದರು. ಅವನು ಅಲ್ಲಿಂದ ಬರಲು ಒಪ್ಪದೆ ಅತ್ತಿದ್ದ. ಟ್ರಾಮ್ ನಿಲ್ಲುವ ಆ ಜಾಗದಲ್ಲಿ ನಾನು ಆ ಗೋಡೆಯನ್ನು ಗಾಳಿಯಲ್ಲಿ ತೋರಿಸಿದೆ. ಅಂಗೈಗಳನ್ನು ಒತ್ತಿ ಅದುರಿಸಿದೆ. ಅವನು ನನ್ನ ಅಂಗೈಗಳ ಮೇಲೆ ತನ್ನವನ್ನು ಇಟ್ಟ.

"ಅಷ್ಟು ದೊಡ್ಡದಾ?" ಎಂದ.

"ಅಷ್ಟು ದೊಡ್ಡದು."

ಅಷ್ಟರಲ್ಲಿ ದೆಲ್ಫೀನಾ ಬಂದು ಅವನ ಅಂಗಿ ಹಿಡಿದು ಎಳೆದಳು, ಎಲ್ಲರೂ ಅವನನ್ನು ಎತ್ತಿಕೊಂಡು ಹೋದರು. ಅವರು ಎಳೆಯಬೇಕಾದದ್ದೇ, ಅದು ಅವನ ಹಬ್ಬ. ಮರುವರ್ಷ ಅವನು ಮದುವೆಯಾಗಿ ತೊರಿನೊಗೆ ಹೋದ. ರುಜ್ಜೇರೊನ ಮದುವೆ ಅಷ್ಟರಲ್ಲಿ ಬೇರೆ ಕಡೆ ಆಗಿತ್ತು, ಊಟ ಚೆನ್ನಾಗಿತ್ತಂತೆ. ತಮ್ಮ ಪ್ರತಿ ಬೇಸಿಗೆ ಬರುತ್ತಿದ್ದ. ಆದರೆ ಹೆಂಡತಿ ಮಕ್ಕಳ ಎದುರು ಮನೆಮಾತು ಆಡುವುದು ಸರಿಯಲ್ಲವೆಂದು ಎಲ್ಲರ ಕೈಮಾತಿನಲ್ಲೇ, ನನಗೆ ತಿಳಿಯಲೆಂದು ನಿಧಾನವಾಗಿ ಮಾತಾಡುತ್ತಿದ್ದ. ನಾನು ಅದನ್ನು ಕಲಿತೆ, ಪರದೇಶದವರು ಕಲಿಯುವ ಹಾಗೆ. ಹಳೆಯದನ್ನು ನಾವು ಮತ್ತೆ ಆಡಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ, ಅವನ ಕೊನೆಯ ವಾರದಲ್ಲಿ, ಒಂದು ದಿನ ಅವನು ನನ್ನನ್ನು ನೋಡಿ ಮೂಗು ಹಿಡಿದುಕೊಂಡ. ವೈದ್ಯರು ಆಮ್ಲಜನಕದ ಕೊಳವೆ ಚುಚ್ಚುತ್ತಿದೆ ಎಂದುಕೊಂಡು ಸರಿಮಾಡಿದರು. ನಾನು ಅವರಿಗೆ ಹೇಳಲಿಲ್ಲ. ಅವತ್ತು ಸೋಮವಾರವಾಗಿತ್ತು.

ಆ ಭಾಷೆ ಬಲ್ಲವರು ಜಗತ್ತಿನಲ್ಲಿ ಇಬ್ಬರಿದ್ದರು. ಈಗ ಇರುವವಳು ಒಬ್ಬಳು. ನಾನು ಬೆಳಿಗ್ಗೆ ಅಡುಗೆಮನೆಯಲ್ಲಿ ಕೈ ಆಡಿಸಿದರೆ ನೋಡುವವರು ಯಾರೂ ಇಲ್ಲ. ಆದರೂ ಕೆಲವು ದಿನ ಆಡಿಸುತ್ತೇನೆ.

ಮಾತು ಉದ್ದವಾಯಿತು, ಇಲೇನಿಯಾಳ ಕೈ ದಣಿದಿದೆ. ದಾರಿಗೆ ಹೆಸರಿಟ್ಟ ನಗರಸಭೆಗೆ, ದೂರದಿಂದ ಬಂದ ದೆಲ್ಫೀನಾ ಮತ್ತು ಮಕ್ಕಳಿಗೆ, ಮುದುಕಿಯೊಬ್ಬಳ ಮಾತನ್ನು ಎದ್ದು ಹೋಗದೆ ಕೇಳಿದ, ನೋಡಿದ ನಿಮ್ಮೆಲ್ಲರಿಗೆ ಕೃತಜ್ಞತೆಗಳು. ನಮಸ್ಕಾರ.